ಈಕ್ವಡಾರಿಗೆ ಹೋಗುವ ದಾರಿಯಲ್ಲಿ ಒಂದು ಬಾವಿ

ಮೊನ್ನೆ ಶನಿವಾರ ಮಧ್ಯಾಹ್ನ ಲೈಫ್ ಜಾಕೆಟ್ ತೊಟ್ಟುಕೊಂಡು ಸೋಫಾದ ಮೇಲೆ ಕೂತಿದ್ದೆ. ಕಿತ್ತಳೆ ಬಣ್ಣದ್ದು. ಅದರೊಳಗೆ ಉಣ್ಣೆಯ ಸ್ವೆಟರ್, ಕಾಲಿಗೆ ದಪ್ಪ ಕಾಲುಚೀಲ, ಕೈಯಲ್ಲಿ ಚಹಾ. ಹೊರಗೆ ನಾವಿರುವ ಸ್ವೀಡನ್ನಿನ ಊರು ಸುಂಡ್‌ಬೀಬರ್ಯ್‌ನ ಫೆಬ್ರುವರಿ. ಊರ ಪಕ್ಕದ ಸರೋವರ ಹೆಪ್ಪುಗಟ್ಟಿ ತಿಂಗಳಾಗಿದೆ. ಜನ ಅದರ ಮೇಲೆ ನಾಯಿ ಕರೆದುಕೊಂಡು ಓಡಾಡುತ್ತಾರೆ. ಅಂದರೆ ಆ ದಿನದ ಮಟ್ಟಿಗೆ ನಾನು ಎಲ್ಲಿಯೂ ಮುಳುಗುವ ಸಾಧ್ಯತೆ ಇರಲಿಲ್ಲ. ಆದರೂ ಜಾಕೆಟ್ ತೆಗೆಯಲು ಮನಸ್ಸು ಬರಲಿಲ್ಲ.

ಮಗಳು ನಿಧಿ ಹೊರಗಿನಿಂದ ಬಂದವಳು ಬೂಟು ಬಿಚ್ಚುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಪಪ್ಪಾ, ವಾ ಯೋರ್ ದು?" ಏನು ಮಾಡುತ್ತಿದ್ದೀಯ ಎಂದು ಅವಳ ಸ್ವೀಡಿಷ್.

"ಅಭ್ಯಾಸ."

"ಸೋಫಾಲಿ ವಾಟರೇ ಇಲ್ವಲ್ಲ."

ಅಡುಗೆಮನೆಯಿಂದ ನನ್ನ ಹೆಂಡತಿ ರೇಖಾ ಕೂಗಿ ಹೇಳಿದಳು: "ಬೆಳಗ್ಗಿಂದ ಹಾಗೇ ಇದಾರೆ ಕಣೆ. ಊಟಕ್ಕೂ ತೆಗೀಲಿಲ್ಲ. ಹುಳಿ ಚೆಲ್ಕೊಂಡಿದಾರೆ ನೋಡು, ಎಡಗಡೆ."

ಹುಳಿ ಚೆಲ್ಲಿದ್ದು ನಿಜ. ಅದು ಎರವಲು ತಂದ ಜಾಕೆಟ್. ಇಲ್ಲಿನ ನಗರಸಭೆಯನ್ನು ಕೊಮ್ಮೂನ್ ಎನ್ನುತ್ತಾರೆ. ನಮ್ಮ ಕೊಮ್ಮೂನ್‌ನಲ್ಲಿ ಸ್ಕೀ, ಸ್ಕೇಟುಗಳನ್ನು ಪುಕ್ಕಟೆ ಎರವಲು ಕೊಡುವ ಜಾಗವೊಂದಿದೆ. ಎಲ್ಲರೂ ಸ್ಕೇಟು ಕೇಳುವ ಕಾಲದಲ್ಲಿ ನಾನು ಹೋಗಿ ಲೈಫ್ ಜಾಕೆಟ್ ಕೇಳಿದೆ. ಅಲ್ಲಿದ್ದ ಹುಡುಗಿ ಯಾಕೆ ಎಂದು ಕೇಳಲಿಲ್ಲ. ಒಳಗಿನಿಂದ ತಂದು ಕೊಟ್ಟು ನಕ್ಕಳು ಅಷ್ಟೆ. ಈ ದೇಶದಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ. ನನ್ನಂಥ ಪುಕ್ಕಲನಿಗೆ ಇದು ದೊಡ್ಡ ಹಿಂಸೆ. ಕೇಳಿದರೆ ಹೇಳೋಣವೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಉತ್ತರ ಇನ್ನೂ ನನ್ನ ಬಳಿಯೇ ಉಳಿದಿದೆ. ಆದ್ದರಿಂದ ನಿಮಗೆ ಹೇಳುತ್ತೇನೆ.

ಇದೆಲ್ಲ ಶುರುವಾದದ್ದು ಆಫೀಸಿನ ಫೀಕಾದಲ್ಲಿ. ಹಾಗೆಂದು ಬರೆದೆನೇ ಹೊರತು, ಯಾವುದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವವರನ್ನು ಕಂಡರೆ ನನಗೆ ಅನುಮಾನ. ಫೀಕಾದಲ್ಲಿ ಎಂದೇ ಇಟ್ಟುಕೊಳ್ಳೋಣ. ಎಲ್ಲರೂ ಕೂತು ಕಾಫಿ ಕುಡಿಯುವ, ದಾಲ್ಚಿನ್ನಿ ಬನ್ನು ತಿನ್ನುವ ಬಿಡುವು ಅದು. ಜನವರಿ ಬಂತೆಂದರೆ ಅಲ್ಲಿ ಒಂದೇ ಮಾತು: ಜುಲೈ ರಜೆಗೆ ಏನು ಮಾಡುತ್ತೀರಿ? ಕಿಟಕಿಯಾಚೆ ಹಿಮ ಬೀಳುತ್ತಿರುವಾಗ ಒಬ್ಬ ತನ್ನ ಕಾಡಿನ ಗುಡಿಸಲಿಗೆ ಬಳಿಯುವ ಬಣ್ಣದ ವಿಚಾರ ಹೇಳುತ್ತಾನೆ. ಇನ್ನೊಬ್ಬಳು ಹಾಯಿದೋಣಿಯ ವಿಚಾರ. ನನ್ನ ಸರದಿ ಬಂದಾಗ ಪ್ರತಿ ವರ್ಷ "ಊರಿಗೆ" ಎನ್ನುತ್ತಿದ್ದೆ. ಅವರು ಪ್ರತಿ ವರ್ಷ "ಓಹ್, ಒಳ್ಳೆಯದು" ಎನ್ನುತ್ತಿದ್ದರು. ಈ ವರ್ಷ ಬಾಯಿ ತಪ್ಪಿ "ಈಕ್ವಡಾರ್" ಎಂದುಬಿಟ್ಟೆ. ಹಿಂದಿನ ಸಂಜೆ ನಿಧಿ ಅಲ್ಲಿನ ವಿಡಿಯೊ ತೋರಿಸಿದ್ದಳು: ಜ್ವಾಲಾಮುಖಿಯ ಇಳಿಜಾರಿನಲ್ಲಿ ಸೈಕಲ್ಲು, ಮೋಡ ನುಗ್ಗಿದ ಕಾಡಿನ ಮೇಲೆ ತಂತಿಗೆ ಜೋತುಬಿದ್ದು ಜಾರುವುದು, ಕೊನೆಗೆ ಕಾಡಿನ ಹೊಳೆಯಲ್ಲಿ ರಬ್ಬರು ದೋಣಿ. ಎಲ್ಲವೂ ಒಂದೇ ಪ್ರವಾಸದಲ್ಲಿ. ನನ್ನ ಮಾತಿಗೆ ಬನ್ನು ಕಚ್ಚುತ್ತಿದ್ದವರೆಲ್ಲ ಅಲ್ಲಿಗೇ ನಿಲ್ಲಿಸಿದರು. "ಸ್ಪೆನ್ನಾಂದೆ!" ಎಂದರು. ರೋಮಾಂಚಕ ಎಂದು ಅರ್ಥ. ಇಲ್ಲಿ ಒಮ್ಮೆ ಸ್ಪೆನ್ನಾಂದೆ ಅನ್ನಿಸಿಕೊಂಡದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಪ್ರತಿ ಫೀಕಾದಲ್ಲೂ "ಎಲ್ಲಿಗೆ ಬಂತು ನಿಮ್ಮ ಈಕ್ವಡಾರ್?" ಎಂದು ವಿಚಾರಿಸುತ್ತಾರೆ, ಮನೆಯಲ್ಲಿ ಬಸುರಿ ಇದ್ದಂತೆ.

ನನ್ನ ವೃತ್ತಿ ಸಾಫ್ಟ್‌ವೇರ್ ಪರೀಕ್ಷಿಸುವುದು. ಸರಿಯಾಗಿ ನಡೆಯುತ್ತಿರುವ ಒಂದು ಸಂಗತಿ ಎಷ್ಟು ಬಗೆಯಲ್ಲಿ ಕೆಡಬಹುದು ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಇಂಥವನ ಕೈಗೆ ಈಕ್ವಡಾರ್ ಸಿಕ್ಕರೆ ಏನಾಗಬೇಡ? ಆ ಪುಟ್ಟ ದೇಶದಲ್ಲಿ ಎಣಿಸಲಾಗದಷ್ಟು ಬಗೆಯ ಹಕ್ಕಿ, ಕಪ್ಪೆ, ಚಿಟ್ಟೆ, ಆರ್ಕಿಡ್ ಇವೆಯಂತೆ. ಜೀವವೈವಿಧ್ಯ ಎಂದು ಎಲ್ಲರೂ ಕಣ್ಣರಳಿಸುತ್ತಾರೆ. ನನಗೆ ಅದು ಕಚ್ಚಬಲ್ಲ ಜೀವಿಗಳ ವೈವಿಧ್ಯ ಎಂದೇ ಕಾಣಿಸುತ್ತದೆ. ಹೆಬ್ಬೆರಳ ಉಗುರಿನಷ್ಟಿರುವ ವಿಷದ ಕಪ್ಪೆಯ ಚಿತ್ರ ನೋಡಿದ ಮೇಲೆ, ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಧು ಹೀರುವ ಆ ಮುದ್ದು ಹಕ್ಕಿಯ ಕೊಕ್ಕನ್ನೂ ನಾನು ಅನುಮಾನದಿಂದಲೇ ನೋಡಿದೆ. ಎತ್ತರದಲ್ಲಿ ಉಸಿರು ಕಟ್ಟುವುದು, ರಸ್ತೆಯ ಮೇಲೆ ಗುಡ್ಡ ಕುಸಿಯುವುದು, ಸೈಕಲ್ಲಿನ ಬ್ರೇಕು, ತಂತಿಯ ಕೊಂಡಿ. ರೇಖಾಳಿಗೆ ಒಂದೊಂದಾಗಿ ಹೇಳುತ್ತ ಬಂದೆ. ಅವಳು ಬೆಂಗಳೂರಿನವಳು, ಯಾವುದಕ್ಕೂ ಜಗ್ಗುವುದಿಲ್ಲ. "ಸಿಲ್ಕ್ ಬೋರ್ಡಲ್ಲಿ ಸ್ಕೂಟಿ ಓಡ್ಸಿದೀನಿ ರೀ ನಾನು. ಜ್ವಾಲಾಮುಖಿ ಏನ್ ಮಹಾ?" ಎಂದಳು.

ನಿಧಿಗೆ ಬೇಕಾದದ್ದು ಹೊಳೆ. ಸೈಕಲ್ಲು, ತಂತಿ ಎಲ್ಲ ಅದಕ್ಕೆ ಮುನ್ನುಡಿ. ಅವಳಿಗೆ ಈಗ ಹನ್ನೆರಡು. ಕೋಣೆಯ ಬಾಗಿಲು ಮುಚ್ಚಿಕೊಳ್ಳಲು ಶುರುಮಾಡಿದ್ದಾಳೆ. ಶಾಲೆಯಲ್ಲಿ ಏನಾಯಿತು ಎಂದರೆ "ಇಂಗೆಂಟಿಂಗ್", ಏನಿಲ್ಲ, ಎನ್ನುತ್ತಾಳೆ. ಅಂಥವಳು ಬಾಗಿಲು ತೆರೆದು ಬಂದು, "ಪಪ್ಪಾ, ದೋಣೀಲಿ ನೀನು ನನ್ ಪಕ್ಕ ಕೂತ್ಕೊ, ಲೆಫ್ಟ್ ಸೈಡ್" ಎಂದಳು. ಇವಳು ನನ್ನನ್ನು ಜೊತೆಗೆ ಕರೆಯುವುದು ಇದೇ ಕೊನೆಯ ಸಲವಿರಬಹುದು ಎಂಬ ಭಯ, ಕಪ್ಪೆಯ ಭಯಕ್ಕಿಂತ ದೊಡ್ಡದು.

ಅಲ್ಲಿನ ಹೊಳೆಯಲ್ಲಿ ದೋಣಿ ನಡೆಸುವ ಮಾರ್ಸೆಲೊ ಎಂಬಾತನೊಡನೆ ವಿಡಿಯೊದಲ್ಲಿ ಮಾತಾಡಿದೆವು. ನಮಗೆ ಸಂಜೆ, ಅವನಿಗೆ ಬೆಳಗ್ಗೆ. ಅವನ ಹಿಂದೆ ಕೋಳಿಗಳು ಕೂಗುತ್ತಿದ್ದವು. ನನ್ನ ಊರಿನ ಕೋಳಿಗಳ ಹಾಗೆಯೇ. ಅವನು ಇಂಗ್ಲಿಷಿನಲ್ಲಿ ಒಂದು ನಿಯಮ ಹೇಳಿದ: ಈ ವಯಸ್ಸಿನ ಮಕ್ಕಳು ದೋಣಿ ಹತ್ತಬೇಕಾದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಅದೇ ದೋಣಿಯಲ್ಲಿರಬೇಕು, ಅವರಿಗೆ ಈಜು ಬರಬೇಕು.

"ನಂಗೆ ಬರಲ್ಲಪ್ಪ," ಎಂದು ರೇಖಾ ತಕ್ಷಣ ಕೈ ಎತ್ತಿದಳು. "ನಾನು ದಡದ ರಸ್ತೇಲಿ ವ್ಯಾನಲ್ಲಿ ಬರ್ತೀನಿ. ಇವ್ರಿಗೆ ಬರುತ್ತೆ. ಮದುವೆಗೆ ಮುಂಚೆಯಿಂದ ಹೇಳ್ತಾನೇ ಇದಾರೆ."

ಹೌದು, ಹೇಳುತ್ತಲೇ ಬಂದಿದ್ದೇನೆ. ಚಿಕ್ಕಂದಿನಲ್ಲಿ ಈಜು ಕಲಿತೆ ಎಂಬುದು, ನನ್ನ ಹೆಸರಿನ ಹಾಗೆ, ಯಾವತ್ತೂ ಪರೀಕ್ಷಿಸದೆ ನಂಬಿಕೊಂಡು ಬಂದ ಸಂಗತಿ. "ಬಾವಿಯಲ್ಲಿ ಕಲಿತದ್ದು," ಎಂದು ಮಾರ್ಸೆಲೊಗೆ ಹೆಮ್ಮೆಯಿಂದಲೇ ಹೇಳಿದೆ.

"ಬಾವಿ ಎಲ್ಲಿಗೂ ಹೋಗುವುದಿಲ್ಲ, ಸೆನ್ಯೋರ್," ಎಂದ. "ಹೊಳೆ ಹೋಗುತ್ತದೆ. ದೋಣಿಯಿಂದ ಬಿದ್ದರೆ ಈಜಲು ಹೋಗಬೇಡಿ. ಜಾಕೆಟ್ ಇರುತ್ತದೆ. ಅಂಗಾತ ಮಲಗಿ ಕಾಲು ಮುಂದಕ್ಕೆ ಚಾಚಿ, ಸುಮ್ಮನಿರಿ. ನಾವು ಬಂದು ಎತ್ತಿಕೊಳ್ಳುತ್ತೇವೆ. ಹೆದರಿ ಕೈಕಾಲು ಬಡಿಯುವವರೇ ನಮಗೆ ತೊಂದರೆ. ನಿಮಗೆ ಸುಮ್ಮನಿರಲು ಬರುತ್ತದಾ?"

ಪಕ್ಕದಲ್ಲಿ ರೇಖಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. "ಖಂಡಿತ," ಎಂದೆ ನಾನು.

ಜಾಕೆಟ್ ಎರವಲು ತಂದದ್ದು ಅದಾದ ಮೇಲೆ. ತೊಟ್ಟು ಬಕಲು ಹಾಕಿದೆ. ಬೆನ್ನ ಮೇಲೆ ಹಗುರವಾದ, ಉಬ್ಬಿದ ಒಂದು ಭಾರ ಬಂದು ಕೂತಿತು. ಬೆನ್ನು ಅದನ್ನು ಗುರುತು ಹಿಡಿಯಿತು.

ಸೋರೆಬುರುಡೆ.

ನಮ್ಮ ಊರು ರಾಣೆಬೆನ್ನೂರಿನ ಹತ್ತಿರ. ಬೇಸಿಗೆ ರಜೆಯಲ್ಲಿ ಹುಡುಗರಿಗೆ ತೋಟದ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಚೆನ್ನಾಗಿ ಒಣಗಿದ ದೊಡ್ಡ ಸೋರೆಬುರುಡೆಯನ್ನು ಪುಂಡಿನಾರಿನ ಹಗ್ಗದಿಂದ ಬೆನ್ನಿಗೆ ಕಟ್ಟಿ ನೀರಿಗೆ ನೂಕುವುದು. ಮುಳುಗಲು ಬುರುಡೆ ಬಿಡುವುದಿಲ್ಲ. ಕೈಕಾಲು ಬಡಿಯುತ್ತ ಬಡಿಯುತ್ತ ಒಂದು ದಿನ ಈಜು ಬರುತ್ತದೆ. ಬಂದ ದಿನ ಬುರುಡೆ ಬಿಚ್ಚುತ್ತಾರೆ. ಇಷ್ಟು ನಿಜ. ನನಗೆ ಬುರುಡೆ ಕಟ್ಟಿದ್ದರು ಎಂಬುದೂ ನಿಜ. ಬಿಚ್ಚಿದರೇ?

ಬಿಚ್ಚಿದ್ದು ನೆನಪಿದೆ. ದೊಡ್ಡಪ್ಪನ ಮಗ ಬಸಣ್ಣ ನಡುನೀರಿನಲ್ಲಿ ಹಿಂದಿನಿಂದ ಬಂದು ಗಂಟು ಎಳೆದ. ಹಳದಿ ಬುರುಡೆ ಬೇರೆಯಾಗಿ ತೇಲುತ್ತ ಹೋಯಿತು. ಗೊತ್ತೇ ಆಗದೆ ನಾನು ಆಚೆ ಮೆಟ್ಟಿಲು ಮುಟ್ಟಿದೆ. ಎಲ್ಲರೂ ಹೋ ಎಂದು ಕೂಗಿದರು.

ಇಲ್ಲ, ಇದು ಸರಿಯಿಲ್ಲ. ಗೊತ್ತೇ ಆಗದಿದ್ದರೆ ಬುರುಡೆ ತೇಲಿಹೋದದ್ದನ್ನು ನೋಡಿದವರು ಯಾರು? ಮತ್ತೆ ನೆನಪಿಸಿಕೊಂಡೆ. ಈ ಸಲ ಬಾವಿಯನ್ನು ಮೇಲಿನಿಂದ ನೋಡುತ್ತಿದ್ದೇನೆ: ಹಸಿರು ನೀರು, ಅದರ ನಡುವೆ ಒಬ್ಬ ಪುಟ್ಟ ಹುಡುಗ, ಅವನಿಂದ ದೂರವಾಗುವ ಹಳದಿ ಬುರುಡೆ. ನೀರೊಳಗಿದ್ದವನಿಗೆ ತನ್ನದೇ ನೆತ್ತಿ ಕಾಣುವುದುಂಟೇ? ಇದು ದಡದ ಮೇಲೆ ಕೂತವನ ನೆನಪು. ನೀರಲ್ಲಿದ್ದ ಹುಡುಗ ಬೇರೆ ಯಾರೋ ಆಗಿದ್ದರೆ? ಮೂರನೆಯ ಸಲ ಯತ್ನಿಸಿದಾಗ ಬುರುಡೆಯ ಬಣ್ಣವೂ ಬದಲಾಯಿತು. ಅಷ್ಟಕ್ಕೇ ಬಿಟ್ಟೆ. ಇನ್ನೂ ಕೆದಕಿದರೆ ಬಾವಿಯೇ ಇರಲಾರದು ಅನ್ನಿಸಿ ದಿಗಿಲಾಯಿತು.

ಜಾಕೆಟ್ ತೊಟ್ಟೇ ಬಸಣ್ಣನಿಗೆ ಫೋನ್ ಮಾಡಿದೆ. ಈಗ ಅವನದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಸ್ಪೀಕರ್ ಹಾಕಿದ್ದರಿಂದ ಮನೆಮಂದಿಯೆಲ್ಲ ಕೇಳಿಸಿಕೊಂಡರು.

"ಅಣ್ಣಾ, ಬಾವ್ಯಾಗ ನನ್ನ ಬುರುಡಿ ಬಿಚ್ಚಿದ್ದು ಯಾರು?" ಎಂದೆ. ಇಲ್ಲಿನ ಕನ್ನಡಿಗರ ನಡುವೆ ತಿದ್ದಿ ತೀಡಿ ಆಡುವ ನನ್ನ ಮಾತು ಅವನ ಮುಂದೆ ತಾನಾಗಿ ಊರಿಗೆ ಹೋಗುತ್ತದೆ.

"ನಾನ ಅಲ್ಲೇನೋ! ನಡುಬಾವ್ಯಾಗ ಬಿಚ್ಚೇನಿ. ನೀ ಮೀನಿನಂಗ ಹ್ವಾದಿ."

"ಖರೇನಾ?"

"ಖರೇ ಅಂದ್ರ ಖರೇ. ಏನ... ತಡಿ. ಅದು ನೀನೋ, ಮಾಂತೇಶನೋ? ಒಟ್ಟ ಒಬ್ಬಾವ ಮೀನಿನಂಗ ಹ್ವಾದ ನೋಡಪಾ. ಈಗ್ಯಾಕ ಬೇಕಾತು ಅದು?"

"ದಕ್ಷಿಣ ಅಮೆರಿಕಾಕ್ಕ ಹೊಂಟೇವಿ. ಅಲ್ಲಿ ಹೊಳ್ಯಾಗ ದೋಣಿ ಹತ್ತೋದೈತಿ."

"ಅದಕ್ಕ ಅಲ್ಲೀತನಕಾ ಯಾಕ ಹೋಗ್ತಿ? ನಮ್ಮ ತುಂಗಭದ್ರಾದಾಗ ನೀರಿಲ್ಲೇನು?"

ಅಷ್ಟರಲ್ಲಿ ಅವನ ತಾಯಿ, ನನ್ನ ದೊಡ್ಡವ್ವ, ಫೋನ್ ಕಸಿದುಕೊಂಡಳು. "ಯಪ್ಪಾ, ಇವನ ಮಾತ ಕೇಳಬ್ಯಾಡ. ನಿನ್ನ ಬುರುಡಿ ಬಿಚ್ಚಿದಾಕಿ ನಾನು. ಬಾವ್ಯಾಗ ಅಲ್ಲೋ, ಅಡಗಿ ಮನ್ಯಾಗ! ನೀ ಅದನ್ನ ಕಟಗೊಂಡ ಮನಿಗೆ ಬರತಿದ್ದಿ. ಕಟಗೊಂಡ ಉಣ್ಣಾಕ ಕುಂಡರತಿದ್ದಿ. ಬಿಚ್ಚಲೇನೋ ಅಂದ್ರ, 'ಬ್ಯಾಡ ದೊಡ್ಡವ್ವಾ, ಮುಳಗತೇನಿ' ಅಂತ ಅಳತಿದ್ದಿ. ಉಂಡು ಅಲ್ಲೇ ಗ್ವಾಡಿಗೆ ಒರಗಿ ನಿದ್ದಿ ಹತ್ತಿದ ಮ್ಯಾಲ ಮೆಲ್ಲಕ ಬಿಚ್ಚತಿದ್ದೆ."

ರೇಖಾ ಸೌಟು ಹಿಡಿದುಕೊಂಡೇ ನಕ್ಕೂ ನಕ್ಕೂ ಕುಸಿದಳು. "ಈಗ್ಲೂ ಹಾಗೇ ದೊಡ್ಡವ್ವಾ! ಊಟಕ್ಕೂ ತೆಗೀಲಿಲ್ಲ!" ಎಂದು ಫೋನಿಗೆ ಕೂಗಿದಳು.

"ಏನ ತಗೀಲಿಲ್ಲವಾ?" ಎಂದಳು ದೊಡ್ಡವ್ವ. ವಿವರಿಸುವ ಧೈರ್ಯ ನನಗಾಗಲಿಲ್ಲ.

ಒದ್ದೆ ಹಗ್ಗದ ವಾಸನೆ, ಎದೆಗೆ ಒತ್ತುವ ಗಂಟು, ಮುಂದೆ ತಟ್ಟೆಯಲ್ಲಿ ರೊಟ್ಟಿ. ದೊಡ್ಡವ್ವ ಹೇಳಿದ್ದೇ ತಡ, ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಹೇಳುವ ಮೊದಲು ಇದರಲ್ಲಿ ಒಂದೂ ಇರಲಿಲ್ಲ. ಇಂಥ ನೆನಪನ್ನು ನೆಚ್ಚಿಕೊಂಡು ಮಗಳನ್ನು ಹೊಳೆಗೆ ಇಳಿಸುವುದೇ?

ನಿಧಿ ಮಾತ್ರ ನಗುತ್ತಿರಲಿಲ್ಲ. ಫೋನಿನ ಮಾತು ಅವಳಿಗೆ ಅರ್ಧಂಬರ್ಧ ತಿಳಿದಿತ್ತು. ಬುರುಡೆ ಎಂದರೇನೆಂದು ಅಮ್ಮನಿಂದ ಕೇಳಿ ತಿಳಿದುಕೊಂಡಳು. ಆಮೇಲೆ ನನ್ನ ಬೆನ್ನ ಹಿಂದೆ ಬಂದು ನಿಂತು ಜಾಕೆಟ್ಟಿನ ಉಬ್ಬನ್ನು ಬೆರಳಲ್ಲಿ ಒತ್ತಿದಳು.

"ಆದ್ರೆ ಪಪ್ಪಾ, ಅದು ಬ್ಯಾಕ್ ಮೇಲಿದ್ರೆ, ಬ್ಯಾಕ್ ಮೇಲೆ ಹೇಗೆ ಮಲ್ಕೊಳ್ತಿದ್ರಿ ನೀವೆಲ್ಲಾ?"

ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇಂಥ ಪ್ರಶ್ನೆಯೊಂದನ್ನು ನಾನು ಕೇಳಿದ್ದಿಲ್ಲ. ಬೆನ್ನಿಗೆ ಬುರುಡೆ ಕಟ್ಟಿಕೊಂಡವನು ಅಂಗಾತ ಮಲಗಲಾರ. ನಮ್ಮ ಬಾವಿಯಲ್ಲಿ ಎಲ್ಲರೂ ನೀರಿಗೆ ಮುಖ ಕೊಟ್ಟು, ನೀರನ್ನು ಬಡಿದು, ದಡ ಸೇರುತ್ತಿದ್ದರು. ನೀರಿನ ಮೇಲೆ ಆಕಾಶ ನೋಡುತ್ತ ಯಾರಾದರೂ ಸುಮ್ಮನೆ ಮಲಗಿದ್ದರೆ ನಮ್ಮೂರಲ್ಲಿ ಜನ ಕೂಗುತ್ತ ಓಡಿ ಬರುತ್ತಿದ್ದರು. ಇಲ್ಲಿ ನಿಧಿಗೆ ಪುಟ್ಟ ಮಗುವಾಗಿದ್ದಾಗ ಎಲ್ಲಕ್ಕಿಂತ ಮೊದಲು ಕಲಿಸಿದ್ದೇ ಅದು: ಕೈಕಾಲು ಅಗಲಿಸಿ ನೀರ ಮೇಲೆ ನಕ್ಷತ್ರದ ಹಾಗೆ ಮಲಗುವುದು. ಆರನೇ ಕ್ಲಾಸು ಮುಗಿಯುವುದರೊಳಗೆ ಹೊಟ್ಟೆಯ ಮೇಲೂ ಬೆನ್ನ ಮೇಲೂ ಈಜಲು ಬರಬೇಕೆಂದು ಇಲ್ಲಿನ ಶಾಲೆಯ ನಿಯಮ. ಈ ಲೆಕ್ಕದಲ್ಲಿ ನಾನು ಆರನೇ ಕ್ಲಾಸು ಪಾಸಾಗಿಲ್ಲ.

"ಮಲಗುತ್ತಿರಲಿಲ್ಲ," ಎಂದೆ.

ಅವಳು ತಲೆಯಾಡಿಸಿದಳು. "ಪರ್ವಾಗಿಲ್ಲ ಪಪ್ಪಾ. ನಾನೂ ಅಮ್ಮನ್ ಜೊತೆ ವ್ಯಾನಲ್ಲೇ ಬರ್ತೀನಿ," ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದಢಾರನೆ ಹಾಕಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಸದ್ದೇ ಆಗದಂತೆ ಹಾಕಿದಳು.

ರೇಖಾ ನಗು ನಿಲ್ಲಿಸಿದ್ದಳು. "ನಾಳೆ ಕರ್ಕೊಂಡ್ ಹೋಗಿ ಅವಳ್ನ, ಈಜುಕೊಳಕ್ಕೆ," ಎಂದಳು. "ಅವಳ್ನ ಅಂದ್ನಾ? ನಿಮ್ಮನ್ನ ಅವಳು ಕರ್ಕೊಂಡ್ ಹೋಗ್ಲಿ."

ನಿಧಿಯನ್ನು ಎಷ್ಟೋ ವರ್ಷ ಆ ಈಜುಕೊಳಕ್ಕೆ ಬಿಟ್ಟು, ಮೇಲಿನ ಗಾಜಿನಾಚೆ ಕೋಟು ತೊಟ್ಟು ಕೂತು ನೋಡಿದ್ದೇನೆ. ಒಳಗೆ ಕಾಲಿಟ್ಟಿರಲಿಲ್ಲ. ಬಟ್ಟೆಯೆಲ್ಲ ಬಿಚ್ಚಿ, ಸೋಪು ಹಚ್ಚಿ, ಎಲ್ಲರೆದುರು ಸ್ನಾನಮಾಡಿಯೇ ನೀರಿಗೆ ಇಳಿಯಿರಿ ಎಂದು ಅಲ್ಲಿ ಚಿತ್ರ ಸಮೇತ ಬರೆದು ಹಾಕಿದ್ದಾರೆ. ಆ ಫಲಕ ಇಷ್ಟು ವರ್ಷ ನನ್ನನ್ನು ನೀರಿನಿಂದ ಕಾಪಾಡಿತ್ತು. ಭಾನುವಾರ ಬೆಳಗ್ಗೆ, ಆಡಿಕೊಂಡು ನಗುತ್ತಿದ್ದ ಮೂವರು ಅಜ್ಜಂದಿರ ನಡುವೆ ಗೋಡೆಗೆ ಮುಖ ಮಾಡಿ ಸ್ನಾನ ಮುಗಿಸಿದೆ. ಚೀಲದಲ್ಲಿ ಲೈಫ್ ಜಾಕೆಟ್ ಕೂಡ ತಂದಿದ್ದೆ. ಹೊರಗೆ ಕಾಯುತ್ತಿದ್ದ ನಿಧಿ ಅದನ್ನು ನೋಡಿ, "ಅದು ಲಾಕರಲ್ಲಿ ಇರ್ಲಿ ಪಪ್ಪಾ," ಎಂದಳು. ನನಗೆ ದೊಡ್ಡವ್ವನ ದನಿ ಕೇಳಿದಂತಾಯಿತು.

ಕೊಳದ ಅಂಚು ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ. ಬಿಟ್ಟೆ. ಆಶ್ಚರ್ಯವೆಂದರೆ ಮುಳುಗಲಿಲ್ಲ. ಕೈಕಾಲು ತಮ್ಮ ಪಾಡಿಗೆ ಬಡಿದವು; ನೀರು ಎಲ್ಲ ಕಡೆ ಎರಚಿತು; ಪಕ್ಕದಲ್ಲಿ ಮೌನವಾಗಿ ಈಜುತ್ತಿದ್ದ ಮುದುಕಿಯೊಬ್ಬರು ದಾರಿ ಬಿಟ್ಟು ಸರಿದರು. ಕೊಳವನ್ನು ಅಡ್ಡಕ್ಕೆ ದಾಟಿ ಆಚೆ ಅಂಚು ಹಿಡಿದೆ. ಮೀನಿನ ಹಾಗೆ ಹೋದವನು ಮಾಂತೇಶನೇ ಇರಬೇಕು. ನಾನು ಎಮ್ಮೆಯ ಹಾಗೆ ಹೋದೆ. ಆದರೂ ಹೋದೆ.

"ನಿಂಗೆ ಬರುತ್ತೆ!" ಎಂದಳು ನಿಧಿ. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಯಾಕೆ ಒಂಟೆ ಥರ ಬೆನ್ನು ಮಾಡ್ತೀಯ? ಅದ್ರ ಮೇಲೆ ಏನೂ ಇಲ್ವಲ್ಲ?"

ಮನಸ್ಸು ಮರೆತದ್ದು ಬೆನ್ನಿಗೆ ನೆನಪಿದೆ ಎಂದು ಇಲ್ಲಿ ಬರೆಯಬಹುದಿತ್ತು. ಬರೆಯುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕೂತು ಬಾಗಿದ ಬೆನ್ನೂ ಅದಾಗಿರಬಹುದು.

"ಈಗ ತಿರುಗಿ ಮಲ್ಕೊ," ಎಂದಳು.

ಮಲಗಲು ಹೋದೆ, ಕಾಲು ಮೊದಲು ಮುಳುಗಿತು, ಹಿಂದೆಯೇ ನಾನು. ಮತ್ತೆ ಹೋದೆ, ಕತ್ತು ತಾನಾಗಿ ಮೇಲೆದ್ದು ನೀರು ಮೂಗಿಗೆ ನುಗ್ಗಿತು. "ತಲೆ ಬಿಡು ಪಪ್ಪಾ. ಸೀಲಿಂಗ್ ನೋಡು. ನೀನು ನನ್ನನ್ನ ನೋಡ್ತಿದೀಯ, ನನ್ನ ನೋಡ್ಬೇಡ." ಅವಳನ್ನು ನೋಡದೆ ಇರುವುದು ಹೇಗೆ? ನೋಡುತ್ತಲೇ ಇರುವುದಕ್ಕೆ ತಾನೇ ಆ ದೋಣಿಯಲ್ಲಿ ನನಗೆ ಜಾಗ ಕೊಡುವುದು?

ಕೊನೆಗೆ ಅವಳು ನನ್ನ ಬೆನ್ನ ಕೆಳಗೆ ಅಂಗೈ ಕೊಟ್ಟಳು. ಸರಿಯಾಗಿ ಬುರುಡೆ ಕಟ್ಟುತ್ತಿದ್ದ ಆ ಜಾಗಕ್ಕೆ.

ತಲೆ ಬಿಟ್ಟೆ. ಕಿವಿ ನೀರೊಳಗೆ ಹೋಯಿತು. ಮಕ್ಕಳ ಕಿರುಚಾಟ, ಸೀಟಿ, ಎಲ್ಲವೂ ಒಮ್ಮೆಗೇ ದೂರವಾದವು. ಮೇಲೆ ಚಾವಣಿಯ ಕೊಳವೆಗಳು, ಕೊಳಕ್ಕೆ ಅಡ್ಡ ಕಟ್ಟಿದ್ದ ಪುಟ್ಟ ಬಣ್ಣದ ಬಾವುಟಗಳು. ಬೆನ್ನ ನಡುವೆ ತಣ್ಣಗೆ ನೀರು, ಅದರ ನಡುವೆ ಬೆಚ್ಚಗೆ ಒಂದು ಪುಟ್ಟ ಕೈ. ಜ್ವಾಲಾಮುಖಿ, ಕಪ್ಪೆ, ತಂತಿಯ ಕೊಂಡಿ ಒಂದೊಂದಾಗಿ ಬಂದವು, ನೋಡಿಕೊಂಡು ಹೋದವು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು.

ಆಗ ಬಾವುಟಗಳಿಗೆ ಅಡ್ಡಲಾಗಿ ನಿಧಿಯ ಮುಖ ಬಂತು. ಏನೋ ಹೇಳುತ್ತ ನಗುತ್ತಿದ್ದಳು. ಎರಡೂ ಕೈಗಳನ್ನು ಮೇಲೆತ್ತಿ, ಬೆರಳು ಬಿಡಿಸಿ, ನನ್ನ ಕಣ್ಣೆದುರು ಗಾಳಿಯಲ್ಲಿ ಆಡಿಸಿದಳು.

ಎರಡೂ ಕೈ. ನೋಡಿದ ಕೂಡಲೇ ಮುಳುಗಿದೆ.

ಕೆಮ್ಮುತ್ತ ಎದ್ದಾಗ ಅವಳು ಅಂಚು ಹಿಡಿದು ಕುಣಿಯುತ್ತಿದ್ದಳು. "ತುಂಬಾ ಹೊತ್ತಿಂದ ನೀನೇ ಮಲ್ಗಿದ್ದೆ! ನಾನ್ ಆಗ್ಲೇ ತೆಗ್ದಿದ್ದೆ!"

"ಯಾವಾಗ ತೆಗೆದೆ?"

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಗೊತ್ತಿಲ್ಲ," ಎಂದಳು. "ಇನ್ನೊಂದ್ ಸಲ?"

ಕಣ್ಣಿನ ನೀರು ಒರೆಸಿಕೊಂಡು, ಮತ್ತೆ ಅವಳ ಕಡೆಗೆ ಬೆನ್ನು ತಿರುಗಿಸಿದೆ.

"ಇನ್ನೊಂದ್ ಸಲ," ಎಂದೆ. "ಈ ಸಲ ಕೈ ತೋರಿಸ್ಬೇಡ."